ಮರಳಲ್ಲಿ ಕಾಯುವ ಹಳೇ ಲ್ಯಾಂಡ್ ಕ್ರೂಸರ್: ಗೇರ್‌ಬಾಕ್ಸ್ ಇಳಿಸೋಕೆ ಮುಂಚೆ ಇಷ್ಟು ನೋಡಿ

ಪ್ರಶ್ನೆ: ನಾನು ಕುಂದಾಪುರದವನು, ಶಾರ್ಜಾದಲ್ಲಿ ಕೆಲಸ. ಎರಡು ವರ್ಷದ ಹಿಂದೆ 1996ರ ಲ್ಯಾಂಡ್ ಕ್ರೂಸರ್ ತೆಗೆದುಕೊಂಡೆ. 80 ಸೀರೀಸ್, 4.5 ಲೀಟರ್ ಪೆಟ್ರೋಲ್, ಆಟೊಮ್ಯಾಟಿಕ್. ಮೀಟರ್‌ನಲ್ಲಿ 3,40,000 ಕಿ.ಮೀ. ಇದೆ. ರಜೆಯ ದಿನ ಗೆಳೆಯರ ಜೊತೆ ಮರಳಿಗೆ ಹೋಗುತ್ತೇವೆ. ಈಗ ಮೂರು ತೊಂದರೆ. ಬೆಳಿಗ್ಗೆ ರಿವರ್ಸ್ ಹಾಕಿದರೆ ಎರಡು ಮೂರು ಸೆಕೆಂಡ್ ಕಾದು ಆಮೇಲೆ ಹಿಡಿಯುತ್ತದೆ. ರಸ್ತೆಯಲ್ಲಿ 80-90ರ ಸ್ಪೀಡಲ್ಲಿ ಗಾಡಿ ನಡುಗುತ್ತದೆ. ಮರಳಲ್ಲಿ ಅರ್ಧ ಗಂಟೆ ಓಡಿಸಿದರೆ 'ಎ/ಟಿ ಆಯಿಲ್ ಟೆಂಪ್' ಲೈಟ್ ಬರುತ್ತದೆ, ಆಮೇಲೆ ರೇಸ್ ಏರುತ್ತದೆ, ಗಾಡಿ ಎಳೆಯುವುದಿಲ್ಲ. ಒಂದು ಗ್ಯಾರೇಜಿನವರು ಗೇರ್‌ಬಾಕ್ಸ್ ಹೋಗಿದೆ, ಜಪಾನಿನ ಹಳೇದು ಕೂರಿಸೋಣ ಅಂದರು. ಇನ್ನೊಬ್ಬರು ಆಯಿಲ್ ಫ್ಲಶ್ ಮಾಡಿ ಅಂದರು. ಗೆಳೆಯನೊಬ್ಬ ಹಳೇ ಆಯಿಲ್ ಮುಟ್ಟಿದರೆ ಗೇರ್‌ಬಾಕ್ಸ್ ಅಲ್ಲೇ ಮಲಗುತ್ತದೆ ಅಂತಾನೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಮೂವರ ಮಾತೂ ಬೇಡ. ನಿಮ್ಮ ಪತ್ರದಲ್ಲಿ ಎಲ್ಲ ವಿವರ ಇದೆ, ಒಂದು ಮಾತ್ರ ಇಲ್ಲ. ಗೇರ್‌ಬಾಕ್ಸ್‌ನಲ್ಲಿ ಎಣ್ಣೆ ಎಷ್ಟಿದೆ, ಯಾವ ಬಣ್ಣದಲ್ಲಿದೆ? ಇಬ್ಬರು ಮೆಕ್ಯಾನಿಕ್‌ಗಳು ನೋಡಿದ್ದಾರೆ, ಎಣ್ಣೆ ಅಳೆಯುವ ಕಡ್ಡಿ (ಡಿಪ್‌ಸ್ಟಿಕ್) ಎಳೆದು ನೋಡಿದ ಮಾತು ಮಾತ್ರ ಎಲ್ಲೂ ಬಂದಿಲ್ಲ. ನಾನು ಹದಿನೈದು ವರ್ಷ ಅಲ್ಲಿನ ಗ್ಯಾರೇಜುಗಳಲ್ಲೇ ಇದ್ದವನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸ ಈ ಗಾಡಿಗಳ ವಿಷಯದಲ್ಲಿ ದಿನಾ ನಡೆಯುತ್ತದೆ. ತೊಂದರೆ ಹೊರಗಡೆ ಇರುತ್ತದೆ, ಇಳಿಸುವುದು ಗೇರ್‌ಬಾಕ್ಸ್.

ನಿಮ್ಮ ಗಾಡಿಯಲ್ಲಿರುವುದು ಎ343ಎಫ್ ಅನ್ನುವ ನಾಲ್ಕು ಗೇರಿನ ಡಬ್ಬಿ. 1995ರಿಂದ ಪೆಟ್ರೋಲ್ 80ಗಳಿಗೆ ಬಂದದ್ದು ಇದು, ಅದಕ್ಕೆ ಮುಂಚಿನವಕ್ಕೆ ಎ442ಎಫ್ ಇತ್ತು. ಬಾನೆಟ್ ಒಳಗಿನ ತಗಡಿನ ಪ್ಲೇಟಿನಲ್ಲಿ ಬರೆದಿರುತ್ತದೆ, ಒಮ್ಮೆ ಖಾತ್ರಿ ಮಾಡಿಕೊಳ್ಳಿ. ಬಲು ಗಟ್ಟಿ ಜೀವ. 3,40,000 ಅದಕ್ಕೆ ಮುದಿ ವಯಸ್ಸೇನೂ ಅಲ್ಲ. ಆದರೆ ಇದರ ಎಲ್ಲ ಕೆಲಸ ನಡೆಯುವುದು ಎಣ್ಣೆಯ ಒತ್ತಡದಿಂದ. ಒತ್ತಡ ಕಮ್ಮಿಯಾದರೆ ಕ್ಲಚ್ ಪ್ಲೇಟುಗಳು ಗಟ್ಟಿಯಾಗಿ ಹಿಡಿಯುವುದಿಲ್ಲ, ಜಾರುತ್ತವೆ. ಜಾರಿದರೆ ಬಿಸಿ. ಬಿಸಿಯಾದರೆ ಎಣ್ಣೆ ತೆಳ್ಳಗಾಗಿ ಒತ್ತಡ ಇನ್ನೂ ಕಮ್ಮಿ. ನಿಮ್ಮ ಮೂರೂ ತೊಂದರೆ ಈ ಒಂದೇ ಸುಳಿಯಿಂದ ಬಂದಿರಬಹುದು ಅಂತ ನನ್ನ ಅನುಮಾನ.

ಎಣ್ಣೆ ನೋಡುವುದಕ್ಕೂ ಒಂದು ಕ್ರಮ ಇದೆ. ತಣ್ಣಗಿರುವಾಗ, ಎಂಜಿನ್ ಆಫ್ ಮಾಡಿ ಕಡ್ಡಿ ಎಳೆದರೆ ಅದು ಹೇಳುವುದೆಲ್ಲ ಸುಳ್ಳು. ಊರೊಳಗೆ ಇಪ್ಪತ್ತು ನಿಮಿಷ ಓಡಿಸಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಎಂಜಿನ್ ಆನ್‌ನಲ್ಲೇ ಇರಲಿ. ಬ್ರೇಕ್ ಒತ್ತಿಕೊಂಡು ಲಿವರನ್ನು ಪಿ ಇಂದ ಎಲ್‌ವರೆಗೆ ಒಂದೊಂದೇ ಮನೆ ಇಳಿಸಿ, ವಾಪಸ್ ಪಿಗೆ ತನ್ನಿ. ಆಗ ಕಡ್ಡಿ ಎಳೆದು, ಒರೆಸಿ, ಪೂರ್ತಿ ಒಳಗೆ ತಳ್ಳಿ ಮತ್ತೆ ಎಳೆಯಿರಿ. 'ಹಾಟ್' ಗುರುತಿನ ಒಳಗೆ ಬರಬೇಕು. ಕಡ್ಡಿಯ ಎರಡು ಮುಖದಲ್ಲಿ ಎರಡು ಮಟ್ಟ ಕಂಡರೆ ಕೆಳಗಿನದನ್ನೇ ಲೆಕ್ಕಕ್ಕೆ ಹಿಡಿಯಿರಿ. ಮರಳಿಂದ ಬಂದ ಕೂಡಲೇ ನೋಡಬೇಡಿ, ಆಗ ಎಣ್ಣೆ ಉಬ್ಬಿರುತ್ತದೆ. ಜಾಸ್ತಿ ತುಂಬಿಸುವುದೂ ತಪ್ಪು. ಒಳಗಿನ ಗೇರುಗಳು ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತವೆ, ನೊರೆಗೆ ಒತ್ತಡ ಎಲ್ಲಿಂದ ಬರಬೇಕು?

ಕಡ್ಡಿಯ ತುದಿಯ ಒಂದು ಹನಿಯನ್ನು ಬಿಳಿ ಟಿಶ್ಯೂ ಮೇಲೆ ಬಿಡಿ. ಹತ್ತು ನಿಮಿಷ ಹಾಗೇ ಇರಲಿ. ಕೆಂಪು ಅಥವಾ ತಿಳಿ ಕಂದು ಬಣ್ಣ ಒಂದೇ ಸಮ ಹರಡಿದರೆ ಭಯವಿಲ್ಲ. ಅಂಚು ಹರಡಿ ನಡುವೆ ಕಪ್ಪು ಚುಕ್ಕೆ ನಿಂತರೆ ಕ್ಲಚ್ ಪ್ಲೇಟಿನ ಪುಡಿ ಎಣ್ಣೆಯಲ್ಲಿ ಇದೆ ಅಂತ ಅರ್ಥ. ಮೂಸಿ ನೋಡಿ. ಒಗ್ಗರಣೆ ಹೊತ್ತಿದ ಹಾಗೆ ಕಮಟು ಬಂದರೆ ಪ್ಲೇಟುಗಳು ಆಗಲೇ ಸುಟ್ಟಿವೆ. ಇನ್ನೊಂದು ಬಣ್ಣ ಇದೆ, ಅದು ಕಾಣದಿರಲಿ. ಗುಲಾಬಿ ಹಾಲಿನ ಹಾಗೆ ಇದ್ದರೆ ರೇಡಿಯೇಟರ್ ಒಳಗಿನ ಕೂಲರ್ ಒಡೆದು ಕೂಲಂಟ್ ಗೇರ್‌ಬಾಕ್ಸ್‌ಗೆ ಬಂದಿದೆ. ಆ ಕ್ಷಣ ಗಾಡಿ ನಿಲ್ಲಿಸಿ ಎತ್ತಿಕೊಂಡು ಹೋಗುವ ರಿಕವರಿ ಗಾಡಿ ಕರೆಯಿರಿ. ಕ್ಲಚ್ ಪ್ಲೇಟಿನ ಮೇಲಿನ ಕಾಗದದಂಥ ಪದರಕ್ಕೆ ನೀರು ತಾಗಿದರೆ ಅದರ ಅಂಟು ಬಿಡುತ್ತದೆ. ಮನೆವರೆಗೆ ಹೋಗಿ ಬಿಡೋಣ ಅಂದವರೆಲ್ಲ ಗೇರ್‌ಬಾಕ್ಸ್ ಕಳಕೊಂಡಿದ್ದಾರೆ.

ಎಣ್ಣೆ ಕಮ್ಮಿ ಇದೆ ಅಂತಿಟ್ಟುಕೊಳ್ಳಿ. ಕೆಳಗೆ ಒಂದು ಹನಿಯೂ ಬೀಳುತ್ತಿಲ್ಲ. ಎಲ್ಲಿಗೆ ಹೋಯಿತು? ಈ ಗಾಡಿಯಲ್ಲಿ ಗೇರ್‌ಬಾಕ್ಸ್‌ಗೂ ಅದರ ಹಿಂದಿನ ಟ್ರಾನ್ಸ್‌ಫರ್ ಕೇಸ್‌ಗೂ (ಮುಂದಿನ, ಹಿಂದಿನ ಚಕ್ರಗಳಿಗೆ ಬಲ ಹಂಚುವ ಡಬ್ಬಿ) ನಡುವೆ ಒಂದು ಸೀಲ್ ಇದೆ. ಅದು ಸವೆದರೆ ಎಣ್ಣೆ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ದಾಟುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ ಎಣ್ಣೆ ತುಂಬುವ ಬೋಲ್ಟ್ ಬಿಚ್ಚಿದಾಗ ಕೆಂಪೆಣ್ಣೆ ಸುರಿದರೆ ಕಳ್ಳ ಸಿಕ್ಕಿದ ಹಾಗೆ. ಡಬ್ಬಿ ಉಸಿರಾಡುವ ಬ್ರೀದರ್ ಪೈಪ್ ಮರಳಿಂದ ಕಟ್ಟಿದೆಯಾ ಅಂತಲೂ ನೋಡಿ, ಕಟ್ಟಿದರೆ ಒಳಗೆ ಗಾಳಿಯ ಒತ್ತಡ ಏರಿ ಸೀಲ್ ಬೇಗ ಸೋಲುತ್ತದೆ.

ಎಣ್ಣೆ ಸರಿ ಇದ್ದರೆ ಮುಂದಿನದು ಒಂದು ಸಣ್ಣ ಕೇಬಲ್. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕಂದ್ರೆ ಇದರಿಂದ ನಾನೇ ಒಂದು ಒಳ್ಳೇ ಗೇರ್‌ಬಾಕ್ಸ್ ಹಾಳು ಮಾಡಿದ್ದೇನೆ.

ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿಗೆ ಆಕ್ಸಿಲರೇಟರ್ ಕೇಬಲ್ ಬರುತ್ತದಲ್ಲ, ಅದರ ಪಕ್ಕದಲ್ಲೇ ಇನ್ನೊಂದು ಕೇಬಲ್ ಹೊರಟು ಕೆಳಗೆ ಗೇರ್‌ಬಾಕ್ಸ್ ಒಳಗೆ ಹೋಗುತ್ತದೆ. ನೀವು ಎಷ್ಟು ಒತ್ತಿದಿರಿ ಅಂತ ವಾಲ್ವ್ ಬಾಡಿಗೆ, ಅಂದರೆ ಎಣ್ಣೆಯ ಒತ್ತಡ ಹಂಚುವ ಭಾಗಕ್ಕೆ, ಹೇಳುವುದು ಇದೇ. ಜಾಸ್ತಿ ಒತ್ತಿದರೆ ಜಾಸ್ತಿ ಒತ್ತಡ ಕೊಡು ಅನ್ನೋದು ಇದರ ಭಾಷೆ. ಎಂಜಿನ್ ಆಫ್ ಮಾಡಿ, ಒಬ್ಬರನ್ನು ಒಳಗೆ ಕೂರಿಸಿ ಪೆಡಲ್ ನೆಲ ಮುಟ್ಟುವಂತೆ ಒತ್ತಿಸಿ. ಮ್ಯಾಟ್ ಅಡ್ಡ ಬರುತ್ತಿದ್ದರೆ ತೆಗೆದುಬಿಡಿ. ಈಗ ಬಾನೆಟ್ ಒಳಗೆ ಬಗ್ಗಿ ನೋಡಿ. ಕೇಬಲಿನ ತಂತಿಗೆ ಮಣಿಯಂಥ ಒಂದು ಸಣ್ಣ ಲೋಹದ ತುಂಡು ಹಿಸುಕಿ ಕೂರಿಸಿರುತ್ತಾರೆ. ಹೊರಗಿನ ಕವಚದ ರಬ್ಬರ್ ಬೂಟಿನ ತುದಿಗೂ ಈ ಮಣಿಗೂ ನಡುವಿನ ಸಂದು 0ಯಿಂದ 1 ಮಿಲಿಮೀಟರ್ ಇರಬೇಕು. ಅಷ್ಟೇ. ಕೇಬಲ್ ಸಡಿಲ ಇದ್ದರೆ ಒತ್ತಡ ಕಮ್ಮಿ. ಗೇರ್ ಬೆಣ್ಣೆಯ ಹಾಗೆ ಬದಲಾಗುತ್ತದೆ. ಓಡಿಸುವವರಿಗೆ ಖುಷಿಯೋ ಖುಷಿ. ಒಳಗೆ ಪ್ಲೇಟು ಸವೆಯುತ್ತಿರುತ್ತದೆ. ತೀರಾ ಬಿಗಿ ಇದ್ದರೆ ಗೇರ್ ಒದ್ದ ಹಾಗೆ ಬೀಳುತ್ತದೆ.

ನಾನು ಹೋದ ಹೊಸತರಲ್ಲಿ ಒಂದು 95ರ ಗಾಡಿಯ ಥ್ರಾಟಲ್ ಬಾಡಿ ಬಿಚ್ಚಿ ತೊಳೆದು ಕೂರಿಸಿದ್ದೆ. ಕೇಬಲಿನ ನಟ್ ಕಣ್ಣಂದಾಜಿನಲ್ಲಿ ಬಿಗಿ ಮಾಡಿದೆ. ತಿಂಗಳೊಳಗೆ ಗಾಡಿ ವಾಪಸ್ ಬಂತು, ಮೂರನೇ ಗೇರಲ್ಲಿ ಜಾರುತ್ತಿತ್ತು. ಮೂರು ದಿನ ಒದ್ದಾಡಿ ಗೇರ್‌ಬಾಕ್ಸ್ ಇಳಿಸಿ, ಪ್ಲೇಟು ಬದಲಿಸಿ ಕೂರಿಸಿದೆವು. ಆದರೂ ಅದೇ ಮೆತ್ತಗಿನ ಶಿಫ್ಟ್. ಪಕ್ಕದ ಬೇಯಲ್ಲಿ ಪೇಶಾವರದ ಒಬ್ಬ ವಯಸ್ಸಾದ ಚಾಚಾ ಇದ್ದರು. ಏನೂ ಮಾತಾಡಲಿಲ್ಲ. ನನ್ನನ್ನು ಒಳಗೆ ಕೂರಿಸಿ ಪೆಡಲ್ ಒತ್ತಿಸಿದರು, ಜೇಬಿಂದ ಬೆಂಕಿಪೊಟ್ಟಣ ತೆಗೆದು ಆ ಸಂದಿಗೆ ಕಡ್ಡಿ ತೂರಿಸಿದರು. ಒಂದಲ್ಲ, ಪಕ್ಕಪಕ್ಕ ಎರಡು ಕಡ್ಡಿ ಹಿಡಿಯಿತು. ಆಮೇಲೆ ಆ ಎರಡು ಕಡ್ಡಿ ನನ್ನ ಕೈಗೆ ಕೊಟ್ಟು ಟೀ ಕುಡಿಯಲು ಹೋದರು.

ಈಗ ನಿಮ್ಮ ರಿವರ್ಸ್. ಫೋನಿನ ಸ್ಟಾಪ್‌ವಾಚ್ ತೆಗೆಯಿರಿ. ಗಾಡಿ ಬಿಸಿಯಾದ ಮೇಲೆ, ಬ್ರೇಕ್ ಗಟ್ಟಿಯಾಗಿ ಹಿಡಿದು, ಎನ್‌ನಿಂದ ಡಿಗೆ ಹಾಕಿ. ಗಾಡಿ 'ಹೂಂ' ಅಂತ ಸಣ್ಣಗೆ ಜಗ್ಗುವವರೆಗಿನ ಸಮಯ 1.2 ಸೆಕೆಂಡಿಗಿಂತ ಕಮ್ಮಿ ಇರಬೇಕು. ಎನ್‌ನಿಂದ ಆರ್‌ಗೆ 1.5 ಸೆಕೆಂಡಿಗಿಂತ ಕಮ್ಮಿ. ಒಂದು ನಿಮಿಷ ಬಿಟ್ಟು ಬಿಟ್ಟು ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಬೆಳಿಗ್ಗೆ ಮೊದಲ ಸಲ ಮಾತ್ರ ತಡ, ಆಮೇಲೆ ದಿನವಿಡೀ ಸರಿ ಅಂದರೆ ರಾತ್ರಿ ಟಾರ್ಕ್ ಕನ್ವರ್ಟರ್‌ನ (ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಎಣ್ಣೆ ಕೆಳಗೆ ಇಳಿದುಬಿಡುತ್ತಿದೆ. ಸ್ಟಾರ್ಟ್ ಮಾಡಿ ಅರ್ಧ ನಿಮಿಷ ಕಾದು ಹಾಕಿ, ಅದಕ್ಕೆ ಅಷ್ಟು ಮರ್ಯಾದೆ ಕೊಟ್ಟರೆ ಸಾಕು.

ಬಿಸಿಯಲ್ಲೂ ತಡ ಆಗುತ್ತಿದ್ದರೆ ಯಾವ ಭಾಗ ಸೋತಿದೆ ಅಂತ ಬಿಚ್ಚದೆಯೇ ಹೇಳಬಹುದು. ರಿವರ್ಸ್‌ಗೆ ಮುಖ್ಯವಾಗಿ ಎರಡು ಹಿಡಿತ ಬೇಕು: ಡೈರೆಕ್ಟ್ ಕ್ಲಚ್ ಒಂದು, ಫಸ್ಟ್-ರಿವರ್ಸ್ ಬ್ರೇಕ್ ಇನ್ನೊಂದು. ಡೈರೆಕ್ಟ್ ಕ್ಲಚ್ ಮೂರನೇ ಗೇರಿನಲ್ಲೂ ದುಡಿಯುತ್ತದೆ. ಫಸ್ಟ್-ರಿವರ್ಸ್ ಬ್ರೇಕ್ ಎಲ್‌ನಲ್ಲಿ ಎಂಜಿನ್ ಬ್ರೇಕಿಂಗ್ ಕೊಡುತ್ತದೆ. ಹಾಗಾಗಿ ಎಲ್‌ಗೆ ಹಾಕಿ ನಿಧಾನಕ್ಕೆ ಹೊರಟು ಆಕ್ಸಿಲರೇಟರ್ ಬಿಡಿ. ಗಾಡಿ ಹಿಡಿದು ನಿಲ್ಲಿಸಿದ ಹಾಗೆ ಆದರೆ ಆ ಬ್ರೇಕ್ ಚೆನ್ನಾಗಿದೆ. ಆಮೇಲೆ ಎರಡರಿಂದ ಮೂರಕ್ಕೆ ಹೋಗುವಾಗ ರೇಸ್ ಒಂದು ಕ್ಷಣ ಸುಮ್ನೆ ಏರಿ ಇಳಿಯುತ್ತದಾ ನೋಡಿ. ಏರಿದರೆ ಡೈರೆಕ್ಟ್ ಕ್ಲಚ್ಚಿನದ್ದೇ ತೊಂದರೆ, ಅದರ ರಬ್ಬರ್ ಸೀಲು ಗಟ್ಟಿಯಾಗಿರುತ್ತದೆ ಇಲ್ಲವೇ ಪ್ಲೇಟು ಸವೆದಿರುತ್ತದೆ. ಗ್ಯಾರೇಜಿನಲ್ಲಿ ಇಷ್ಟು ಹೇಳಿ ನೋಡಿ, ಅವರು ನಿಮ್ಮ ಜೊತೆ ಮಾತಾಡುವ ಧಾಟಿಯೇ ಬದಲಾಗುತ್ತದೆ.

80-90ರ ನಡುಕಕ್ಕೆ ಬೇಗ ಉತ್ತರ ಇದೆ. ನಡುಗುವಾಗ ಆಕ್ಸಿಲರೇಟರ್ ಹಾಗೇ ಇಟ್ಟು ಎಡಗಾಲಿನಲ್ಲಿ ಬ್ರೇಕ್ ಲೈಟ್ ಹತ್ತುವಷ್ಟು ಮಾತ್ರ ಪೆಡಲ್ ಮುಟ್ಟಿ. ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು ಮಾಡಿ, ಮತ್ತೆ. ಆರ್‌ಪಿಎಂ ಸ್ವಲ್ಪ ಏರಿ ನಡುಕ ನಿಂತರೆ ಅದು ಟಾರ್ಕ್ ಕನ್ವರ್ಟರ್‌ನ ಲಾಕಪ್ ಕ್ಲಚ್, ಅಂದರೆ ಓಡುವಾಗ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರ ಜೋಡಿಸುವ ಹಿಡಿತ. ಬ್ರೇಕ್ ಸ್ವಿಚ್ ಒತ್ತಿದರೆ ಲಾಕಪ್ ಬಿಡುತ್ತದೆ, ಅದಕ್ಕೇ ಈ ಉಪಾಯ. ಹಳೇ ಎಣ್ಣೆಯಲ್ಲಿ ಇದು ಸಾಮಾನ್ಯ, ಎಣ್ಣೆ ಬದಲಿಸಿದರೆ ಬಹಳ ಸಲ ಹೋಗುತ್ತದೆ. ನಡುಕ ನಿಲ್ಲದಿದ್ದರೆ ಪ್ಲಗ್, ವೈರ್ ನೋಡಿಸಿ, ಅದು ಎಂಜಿನ್ ಮಿಸ್ಸಿಂಗ್ ಇರಬಹುದು. 'ಓ/ಡಿ ಆಫ್' ಲೈಟ್ ತಾನಾಗಿ ಮಿಣುಕುತ್ತಿದ್ದರೆ ಮಾತ್ರ ಕರೆಂಟಿನ ಕಡೆ ಹೋಗಿ. ಬಾನೆಟ್ ಒಳಗಿನ ಡಯಾಗ್ನೋಸ್ಟಿಕ್ ಡಬ್ಬಿಯಲ್ಲಿ ಟಿಇ1, ಇ1 ಎರಡನ್ನು ತಂತಿಯಿಂದ ಸೇರಿಸಿದರೆ ಅದೇ ಲೈಟ್ ಮಿಣುಕಿ ಮಿಣುಕಿ ನಂಬರ್ ಹೇಳುತ್ತದೆ. 62, 63 ಅಂದರೆ ಶಿಫ್ಟ್ ಸೊಲೆನಾಯ್ಡ್ (ಗೇರ್ ಬದಲಿಸುವ ಕರೆಂಟಿನ ವಾಲ್ವ್), 64 ಅಂದರೆ ಲಾಕಪ್ ಸೊಲೆನಾಯ್ಡ್, 42 ಮತ್ತು 61 ಸ್ಪೀಡ್ ಸೆನ್ಸರ್. ಇವುಗಳಿಗೆ ಗೇರ್‌ಬಾಕ್ಸ್ ಬದಲಿಸಬೇಕಾಗಿಲ್ಲ.

ಇನ್ನು ಮರಳು. ನಿಮ್ಮ ಗಾಡಿಯನ್ನು ಕೊಲ್ಲುತ್ತಿರುವುದು ಇದು.

ಟಾರ್ಕ್ ಕನ್ವರ್ಟರ್ ಅಂದರೆ ಮಜ್ಜಿಗೆ ಕಡೆಯುವ ಗಡಿಗೆ ಇದ್ದ ಹಾಗೆ. ಎಂಜಿನ್ ಕಡೆಗೋಲು ತಿರುಗಿಸುತ್ತದೆ, ಸುತ್ತುವ ಎಣ್ಣೆ ಇನ್ನೊಂದು ಚಕ್ರವನ್ನು ತಿರುಗಿಸುತ್ತದೆ. ಡಾಂಬರ್ ರಸ್ತೆಯಲ್ಲಿ ಎರಡೂ ಹೆಚ್ಚುಕಮ್ಮಿ ಒಟ್ಟಿಗೆ ತಿರುಗುತ್ತವೆ, ಮೇಲೆ ಲಾಕಪ್ ಬೇರೆ ಇದೆ. ಮೆತ್ತನೆ ಮರಳಲ್ಲಿ ಹೈ ರೇಂಜ್ ಡಿಯಲ್ಲಿ ಹೋದರೆ ಎಂಜಿನ್ 3000 ಸುತ್ತುತ್ತಿರುತ್ತದೆ, ಚಕ್ರಗಳು ತೆವಳುತ್ತಿರುತ್ತವೆ. ಆ ನಡುವಿನ ವ್ಯತ್ಯಾಸ ಎಲ್ಲ ಎಣ್ಣೆಗೆ ಬಿಸಿಯಾಗಿ ಸೇರುತ್ತದೆ. ಆ ಲೈಟ್ ಹತ್ತುವುದು ಎಣ್ಣೆ ಸುಮಾರು 150 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ. ಅಂದರೆ ನಿಮಗೆ ಸುದ್ದಿ ತಲುಪುವಾಗ ಅಡುಗೆ ಮುಗಿದಿದೆ. 80-90 ಡಿಗ್ರಿಯಲ್ಲಿ ಇರಬೇಕಾದ ಎಣ್ಣೆ ಅದು. ಪ್ರತಿ ಹತ್ತು ಡಿಗ್ರಿ ಜಾಸ್ತಿಗೆ ಎಣ್ಣೆಯ ಆಯಸ್ಸು ಅರ್ಧ ಅನ್ನೋದು ಗ್ಯಾರೇಜಿನ ಹಳೇ ಲೆಕ್ಕ.

ಲೈಟ್ ಬಂದರೆ ದಿಬ್ಬದ ಮೇಲೆ ಗಾಳಿಗೆ ಮುಖ ಮಾಡಿ ನಿಲ್ಲಿಸಿ, ಪಿಗೆ ಹಾಕಿ, ಎಸಿ ಆಫ್ ಮಾಡಿ. ಎಂಜಿನ್ ಮಾತ್ರ ಆಫ್ ಮಾಡಬೇಡಿ. ಎಂಜಿನ್ ತಿರುಗಿದರೆ ತಾನೇ ಪಂಪ್ ತಿರುಗುವುದು, ಎಣ್ಣೆ ಕೂಲರ್‌ಗೆ ಹೋಗುವುದು? ಲೈಟ್ ಆರಿದ ಮೇಲೂ ಹತ್ತು ನಿಮಿಷ ಬಿಡಿ. ಗೆಳೆಯರು ಗೇಲಿ ಮಾಡಿದರೆ ಮಾಡಲಿ.

ಲೈಟ್ ಬರದ ಹಾಗೆ ಓಡಿಸುವುದೂ ಕಷ್ಟವೇನಲ್ಲ. ಟಯರಿನ ಗಾಳಿ 15 ಪಿಎಸ್‌ಐಗೆ ಇಳಿಸಿ. ಗೇರ್‌ಬಾಕ್ಸ್‌ಗೆ ಇದಕ್ಕಿಂತ ಅಗ್ಗದ ಔಷಧಿ ಇಲ್ಲ. ರಸ್ತೆಗೆ ಹತ್ತುವ ಮುಂಚೆ ಮತ್ತೆ ತುಂಬಿಸಿ. ನಿಧಾನವಾಗಿ ಮೆತ್ತನೆ ಜಾಗದಲ್ಲಿ ಸುತ್ತುವಾಗ ಎನ್‌ನಲ್ಲಿ ನಿಂತು ಲೋ ರೇಂಜ್‌ಗೆ ಹಾಕಿಕೊಳ್ಳಿ. ನಿಮ್ಮ ಗಾಡಿಯ ಲೋ ರೇಂಜ್ 2.488ಕ್ಕೆ 1. ಕನ್ವರ್ಟರ್ ಮೇಲಿನ ಭಾರ ಅಷ್ಟು ಪಾಲು ಇಳಿಯುತ್ತದೆ. ದೊಡ್ಡ ದಿಬ್ಬಕ್ಕೆ ಓಟ ಬೇಕು, ಆಗ ಹೈ ಸರಿ, ಆದರೆ ಲಿವರ್ 2ರಲ್ಲಿರಲಿ. ಹೂತುಹೋದಾಗ ಡಿ-ಆರ್, ಡಿ-ಆರ್ ಅಂತ ತೂಗಿ ತೂಗಿ ರೇಸ್ ಕೊಡುತ್ತಾರಲ್ಲ, ಅದನ್ನು ಬಿಡಿ. ಸಲಿಕೆ ತೆಗೆಯಿರಿ. ಐದು ನಿಮಿಷದ ಬೆವರು ಒಂದು ಗೇರ್‌ಬಾಕ್ಸ್ ಉಳಿಸುತ್ತದೆ.

ಅರ್ಧ ಗಂಟೆಗೇ ಲೈಟ್ ಬರುತ್ತಿದೆ ಅಂದರೆ ಕೂಲಿಂಗ್ ಕಡೆಯೂ ಏನೋ ಇದೆ. ಎಸಿ ಕಂಡೆನ್ಸರ್, ರೇಡಿಯೇಟರ್ ನಡುವೆ ಟಾರ್ಚ್ ಬಿಟ್ಟು ನೋಡಿ, ಮರಳೂ ಎಣ್ಣೆಯೂ ಸೇರಿ ಕಂಬಳಿ ಹೊದಿಸಿದ ಹಾಗೆ ಕಟ್ಟಿರುತ್ತದೆ. ಎಂಜಿನ್ ಕಡೆಯಿಂದ ಹೊರಕ್ಕೆ, ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ, ಜೋರು ಪ್ರೆಶರ್ ಬಿಟ್ಟರೆ ಎಸಳುಗಳು ಬಾಗುತ್ತವೆ. ಎಂಜಿನ್ ಬಿಸಿ ಇರುವಾಗ ಆಫ್ ಮಾಡಿ ರೇಡಿಯೇಟರ್ ಫ್ಯಾನ್ ಕೈಯಲ್ಲಿ ತಿರುಗಿಸಿ. ಭಾರವಾಗಿ ತಿರುಗಬೇಕು. ಮಕ್ಕಳ ಗಿರಿಗಿಟ್ಲೆ ಹಾಗೆ ಸುತ್ತಿದರೆ ಫ್ಯಾನ್ ಕ್ಲಚ್ ಹೋಗಿದೆ. ಆಮೇಲೆ ಒಂದು ಹೆಚ್ಚುವರಿ ಎಟಿಎಫ್ (ಗೇರ್‌ಬಾಕ್ಸ್ ಎಣ್ಣೆ) ಕೂಲರ್ ಕೂರಿಸಿ, ರೇಡಿಯೇಟರ್ ಆದ ಮೇಲೆ ಎಣ್ಣೆ ಅದಕ್ಕೆ ಹೋಗಲಿ. ಕೂಲರ್‌ಗೆ ಹೋಗುವ ಪೈಪಿನಲ್ಲಿ ಒಂದು ಟೆಂಪರೇಚರ್ ಮೀಟರ್ ಹಾಕಿಸಿ. ನನ್ನ ಗಾಡಿಯಲ್ಲಿ ಮುಳ್ಳು 120 ದಾಟಿದರೆ ನಾನು ನಿಲ್ಲಿಸುತ್ತೇನೆ. ರೇಡಿಯೇಟರ್ ಗಾಡಿಯಷ್ಟೇ ಹಳೇದಾಗಿದ್ದರೆ ಅದನ್ನೂ ಬದಲಿಸಿ, ಗುಲಾಬಿ ಹಾಲಿನ ಕಥೆ ಮೇಲೆ ಹೇಳಿದೆನಲ್ಲ.

ನಿಮ್ಮ ಗೆಳೆಯ ಹೇಳಿದ ಮಾತಿನಲ್ಲಿ ಅರ್ಧ ಸತ್ಯ ಇದೆ. ಜನ ಎಣ್ಣೆ ಬದಲಿಸುವುದೇ ಗಾಡಿ ಜಾರಲು ಶುರುವಾದ ಮೇಲೆ. ಅಷ್ಟರಲ್ಲಿ ಪ್ಲೇಟು ಮುಗಿದಿರುತ್ತದೆ, ಹೊಸ ಎಣ್ಣೆ ಹಾಕಿದ ವಾರದಲ್ಲಿ ನಿಲ್ಲುತ್ತದೆ, ಬೈಗುಳ ಎಣ್ಣೆಗೆ. ಟಿಶ್ಯೂ ಪರೀಕ್ಷೆಯಲ್ಲಿ ಕಪ್ಪಿಲ್ಲ, ಕಮಟಿಲ್ಲ ಅಂದರೆ ಧೈರ್ಯವಾಗಿ ಬದಲಿಸಿ. ಮೆಷಿನ್ ಹಚ್ಚಿ ಪ್ರೆಶರ್ ಫ್ಲಶ್ ಬೇಡ. ಕೆಳಗಿನ ಡ್ರೈನ್ ಪ್ಲಗ್ ಬಿಚ್ಚಿ, ಎಷ್ಟು ಇಳಿಯಿತೋ ಅಳೆದು ಅಷ್ಟೇ ಹಾಕಿ. ಒಂದು ಸಲಕ್ಕೆ ಸ್ವಲ್ಪವೇ ಬರುತ್ತದೆ, ಉಳಿದದ್ದು ಕನ್ವರ್ಟರ್‌ನಲ್ಲೇ ಇರುತ್ತದೆ. ವಾರಕ್ಕೊಮ್ಮೆ ಹೀಗೆ ಮೂರು ನಾಲ್ಕು ಸಲ ಮಾಡಿ. ಡೆಕ್ಸ್ರಾನ್ 3 ಹಾಕಿ, ಹೊಸ ಗಾಡಿಗಳಿಗೆ ಬರುವ ತೆಳ್ಳಗಿನ ಡಬ್ಲ್ಯುಎಸ್ ಎಣ್ಣೆ ಬೇಡ. ಮೊದಲ ಸಲ ಪ್ಯಾನ್ ಇಳಿಸಿ ಮ್ಯಾಗ್ನೆಟ್ ನೋಡಿ. ಬೂದು ಬಣ್ಣದ ನುಣ್ಣನೆ ಕೆಸರು ಇದ್ದರೆ ವಯಸ್ಸಿನ ಗುರುತು ಅಷ್ಟೇ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಬೇರೆ ಮಾತು. ಎದುರಲ್ಲೇ ನಿಂತು ಮಾಡಿಸಿ. ಎಂಜಿನ್ ಆಯಿಲ್ ಪ್ಲಗ್ ಅಂತ ಗೇರ್‌ಬಾಕ್ಸಿನದು ಬಿಚ್ಚಿ, ತುಂಬಿದ ಎಂಜಿನ್‌ಗೆ ಮತ್ತೆ ಎಣ್ಣೆ ಸುರಿದ ಹುಡುಗರನ್ನು ನಾನು ಕಂಡಿದ್ದೇನೆ.

ಇಷ್ಟೆಲ್ಲ ಮಾಡಿದರೂ ಮೂರನೇ ಗೇರೂ ರಿವರ್ಸೂ ಜಾರಿದರೆ, ಎಣ್ಣೆ ಕಮಟು ಹೊಡೆದರೆ, ಇಳಿಸಲೇಬೇಕು. ಆಗ ನಾನಾದರೆ ಒಳ್ಳೇ ಕೈಯಲ್ಲಿ ಇದನ್ನೇ ಓವರ್‌ಹಾಲ್ ಮಾಡಿಸುತ್ತೇನೆ. ಸೀಲು, ಪ್ಲೇಟು ಹೊಸದು ಬರುತ್ತದೆ, ಚರಿತ್ರೆ ಗೊತ್ತಿರುವ ಡಬ್ಬಿ. ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಜಪಾನಿನ ಹಳೇ ಗೇರ್‌ಬಾಕ್ಸ್ ಸಾಲು ಸಾಲಾಗಿ ಸಿಗುತ್ತವೆ, ಒಳ್ಳೇವೂ ಇರುತ್ತವೆ. ಅದೇ ಬೇಕೆಂದರೆ ಎ343ಎಫ್ ಹೌದಾ ನೋಡಿ, ಕನ್ವರ್ಟರ್ ಜೊತೆಗೇ ತೆಗೆದುಕೊಳ್ಳಿ, ಒಳಗೆ ಉಳಿದ ಎಣ್ಣೆಯ ಒಂದು ಹನಿ ಅಲ್ಲೇ ಟಿಶ್ಯೂ ಮೇಲೆ ಬಿಡಿ. ಅಂಗಡಿಯವನು ನಗುತ್ತಾನೆ, ನಗಲಿ. ಕೂರಿಸುವಾಗ ಹಳೇ ಕೂಲರ್ ಎಸೆದುಬಿಡಿ, ಪೈಪುಗಳನ್ನು ಚೆನ್ನಾಗಿ ತೊಳೆಸಿ. ಸತ್ತ ಗೇರ್‌ಬಾಕ್ಸಿನ ಪುಡಿ ಅದರಲ್ಲೇ ಕೂತಿರುತ್ತದೆ, ಹೊಸದರೊಳಗೆ ಹೋಗುವ ಮೊದಲ ಎಣ್ಣೆ ಅದರ ಮೂಲಕವೇ ಬರುವುದು. ಆಮೇಲೆ ಯಾರನ್ನಾದರೂ ಒಳಗೆ ಕೂರಿಸಿ ಪೆಡಲ್ ಒತ್ತಿಸಿ, ಆ ಕೇಬಲಿನ ಸಂದು ನೀವೇ ಬಗ್ಗಿ ನೋಡಿ. ಒಂದು ಬೆಂಕಿಕಡ್ಡಿಯೂ ಹಿಡಿಯಬಾರದು.